ತಣ್ಣನೆಯ ಪೈಪು

ಬೆಳಗಿನ ಏಳಕ್ಕೆ ಅಕ್ಕ ಗೇಟಿನ ಪಕ್ಕದ ಸ್ಟೂಲು ಹತ್ತಿ, ಬೋರ್ಡಿನ ಕೊನೆಯ ಕೊಕ್ಕೆಯಿಂದ ಮೂರನ್ನು ತೆಗೆದು ನಾಲ್ಕನ್ನು ತೂಗುಹಾಕಿದಳು. ‘ಸೋರಿಕೆಯಿಲ್ಲದ ದಿನಗಳು’ ಎಂಬ ದಪ್ಪಕ್ಷರಗಳ ಕೆಳಗೆ ಈಗ 2994 ಎಂದಿತ್ತು. ಈ ಕೆಲಸವನ್ನು ಕಾವಲುಗಾರನೂ ಮಾಡಬಹುದಿತ್ತು. ಆದರೆ ಎಂಟು ವರ್ಷಗಳಿಂದ ಅವಳು ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಮ್ಮೆ ಜ್ವರ ಬಂದಾಗಲೂ ಶಾಲು ಹೊದ್ದು ಬಂದು, ಅಂಕಿ ಬದಲಿಸಿ, ಮನೆಗೆ ಹೋಗಿ ಮಲಗಿದ್ದಳು. ಇನ್ನು ಆರು ದಿನ ಕಳೆದರೆ ಮೂರು ಸಾವಿರ. ಅದಕ್ಕೆ ಬೇಕಾದ ಮೂರು ತಗಡಿನ ಸೊನ್ನೆಗಳಿಗೆ ಆಗಲೇ ಹೊಸ ಹಸಿರು ಬಣ್ಣ ಬಳಿಸಿ, ತನ್ನ ಕೋಣೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದಳು.

ಅದು ಗ್ಯಾಸ್ ಕೇಂದ್ರ. ದೂರದ ಬಾವಿಗಳಿಂದ ನೆಲದಡಿಯ ಪೈಪಿನಲ್ಲಿ ಹೊರಟ ಗ್ಯಾಸು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ; ಇಲ್ಲಿನ ಮೂರು ದೊಡ್ಡ ಯಂತ್ರಗಳು ಅದನ್ನು ಒತ್ತಿ ಮುಂದಿನ ಊರುಗಳಿಗೆ ದಬ್ಬುತ್ತವೆ. ನಲವತ್ತು ಜನರ ಮೇಲ್ವಿಚಾರಕಿ ಅವಳು. ಅವರಲ್ಲಿ ಅರ್ಧ ಜನ ಅವಳಿಗಿಂತ ಹಿರಿಯರು, ಆದರೂ ಎಲ್ಲರ ಬಾಯಲ್ಲೂ ಅವಳು ಅಕ್ಕ. ಅವಳು ಬಂದ ಹೊಸದರಲ್ಲಿ, “ಈಕೆ ಆರು ತಿಂಗಳು ನಿಂತರೆ ಅರ್ಧ ಮೀಸೆ ಬೋಳಿಸ್ಕೋತೀನಿ” ಎಂದಿದ್ದ ಒಬ್ಬ ಹಿರಿಯ ಕೆಲಸಗಾರ. ಅವನ ಮೀಸೆ ಇಂದಿಗೂ ಪೂರ್ತಿ ಇದೆ. ಅಕ್ಕ ದೊಡ್ಡ ಮನಸ್ಸು ಮಾಡಿ ಕೇಳಿರಲಿಲ್ಲ. ಅವಳಿಗಿಂತ ಮೊದಲು ಆ ಬೋರ್ಡಿನ ಸಂಖ್ಯೆ ಎರಡಂಕಿ ದಾಟಿದ್ದೇ ಇಲ್ಲ. ಅವಳು ಬಂದು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಎದ್ದಲ್ಲೆಲ್ಲ ಬಿಗಿಸಿ, ಆ ಜಾಗಕ್ಕೆ ಮರ್ಯಾದೆ ತಂದಳು.

ಮೀಸೆಯ ಆ ಹಿರಿಯನನ್ನು ಎಲ್ಲರೂ ಮೂಗಣ್ಣ ಎನ್ನುತ್ತಿದ್ದರು. ಎಲ್ಲೋ ಮೂಲೆಯಲ್ಲಿ ಸುಟ್ಟ ವೈರಿನ ವಾಸನೆಯನ್ನು ಗೇಟಿನಿಂದಲೇ ಹಿಡಿದೆ ಎಂಬುದು ಅವನು ಹೇಳಿ ಹೇಳಿ ಸವೆದ ಕಥೆ. ಗ್ಯಾಸಿಗೆ ವಾಸನೆ ಬೆರೆಸುವುದು ಮುಂದೆ ಊರು ಹತ್ತಿರವಾದ ಮೇಲೆ. ಇಲ್ಲಿ ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಮೂಗಣ್ಣನ ಮೂಗು ಅವನ ಮುಖಕ್ಕೆ ಭೂಷಣವೇ ಹೊರತು ಕೇಂದ್ರಕ್ಕೆ ಉಪಯೋಗವಿರಲಿಲ್ಲ.

ಅಕ್ಕ, ಮೂಗಣ್ಣ ಇಬ್ಬರೂ ಎಂದಿನಂತೆ ಸುತ್ತು ಹೊರಟರು. ಹಿಂಬದಿಯ ಮೂಲೆಯಲ್ಲಿ ಅರವತ್ತಡಿ ಎತ್ತರದ ಪೈಪೊಂದು ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಯಂತ್ರ ನಿಲ್ಲಿಸಿದಾಗ ಒಳಗೆ ಉಳಿದ ಗ್ಯಾಸನ್ನು ಅದರ ಮೂಲಕ ಮೇಲಕ್ಕೆ ಬಿಡುತ್ತಾರೆ. ಆಗ ಬರುವ ‘ಸುಯ್’ ಸದ್ದಿಗೆ ಕೇಂದ್ರದಲ್ಲಿ ‘ಉಸಿರು’ ಎಂದು ಹೆಸರು. ಆ ಹೆಸರನ್ನು ಇಟ್ಟವಳೂ ಅಕ್ಕನೇ. ಮೊದಲೆಲ್ಲ ಉಸಿರು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಈಚೆಗೆ ಸಣ್ಣಗೆ ಯಾವಾಗಲೂ ಕೇಳಿಸುತ್ತಿತ್ತು. ಹೊಸಬರು ಅದೇನು ಸದ್ದು ಎಂದು ಕೇಳಿದರೆ, “ಉಸಿರಾಡ್ತಿದೆ ಕಣಪ್ಪ, ಜೀವ ಇದೆ ಅಂತ ಅರ್ಥ” ಎಂದು ಅಕ್ಕ ನಗುತ್ತಿದ್ದಳು. ದಿನಚರಿ ಪುಸ್ತಕದಲ್ಲಿ ಸೋರಿಕೆಗೆ ಒಂದು ಅಂಕಣವಿತ್ತು, ಉಸಿರಿಗೆ ಇರಲಿಲ್ಲ.

ಆ ಎತ್ತರದ ಪೈಪಿನ ಬುಡ ಬಿಸಿಲಲ್ಲೂ ತಣ್ಣಗಿರುತ್ತಿತ್ತು, ಮೈಮೇಲೆ ಹನಿ ಕಟ್ಟಿರುತ್ತಿತ್ತು. ಅದಕ್ಕೆ ಒರಗಿಸಿ ಸಾಲಾಗಿ ನೀರಿನ ಬಾಟಲಿಗಳು. ಫ್ರಿಜ್ ಕೊಡಿಸಿ ಎಂದು ಮೇಲಿನವರನ್ನು ಕೇಳಿ ಕೇಳಿ ಬೇಸತ್ತ ಕೆಲಸಗಾರರು ಕಂಡುಕೊಂಡ ಉಪಾಯ ಅದು. ಅಕ್ಕನೂ ತನ್ನ ಉಕ್ಕಿನ ಬಾಟಲಿಯನ್ನು ಅಲ್ಲೇ ಇಟ್ಟು ಮುಂದೆ ಹೋದಳು.

ಹನ್ನೊಂದು ಗಂಟೆಗೆ ಪತ್ರ ಬಂತು. ಉಪಗ್ರಹದಿಂದ ವಾತಾವರಣದ ಅನಿಲಗಳನ್ನು ಅಳೆಯುವ ಕಚೇರಿ ಕಳಿಸಿದ್ದು. ಕಳೆದ ಒಂದು ತಿಂಗಳಲ್ಲಿ ನಾಲ್ಕು ಬಾರಿ ಉಪಗ್ರಹ ಈ ಕೇಂದ್ರದ ಮೇಲೆ ಹಾದುಹೋದಾಗ ಆವರಣದೊಳಗಿಂದ ಮೀಥೇನ್ ಅನಿಲ ಮೇಲೇಳುತ್ತಿದ್ದುದು ಕಂಡಿದೆ. ಪ್ರಮಾಣ ಗಂಟೆಗೆ ಸುಮಾರು ಇನ್ನೂರು ಕಿಲೋ. ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ ಹದಿನಾಲ್ಕು ತಿಂಗಳಿಂದಲೂ ಇದೆ. ಹದಿನೈದು ದಿನದೊಳಗೆ ಪರಿಶೀಲಿಸಿ ಉತ್ತರಿಸಬೇಕು. ಆಮೇಲೆ ಈ ಮಾಹಿತಿ ಎಲ್ಲರೂ ನೋಡಬಹುದಾದ ನಕ್ಷೆಗೆ ಹೋಗುತ್ತದೆ. ಜೊತೆಗೆ ಒಂದು ಚಿತ್ರ. ಬೂದು ಬಣ್ಣದ ನೆಲದ ಮೇಲೆ ಹಳದಿ ಬಾಲದಂಥದ್ದು.

ಅಕ್ಕನ ಕಿವಿ ಕೆಂಪಾಯಿತು. “ಇನ್ನೂರು ಕಿಲೋ ಅಂದ್ರೆ ಗಂಟೆಗೆ ಹದಿನಾಲ್ಕು ಅಡುಗೆ ಸಿಲಿಂಡರು! ಅಷ್ಟು ಸೋರಿದ್ರೆ ನಾವೇನು ಕಡಲೇಕಾಯಿ ತಿಂತಾ ಕೂತಿದ್ವಾ?”

“ಬಿಡಿ ಅಕ್ಕಾವ್ರೇ,” ಎಂದ ಮೂಗಣ್ಣ. “ಪಕ್ಕದಲ್ಲಿ ನಿಂತ ನನ್ನ ಮೂಗಿಗೇ ಬರದೇ ಇದ್ದದ್ದು, ಐನೂರು ಕಿಲೋಮೀಟರು ಮೇಲೆ ಇರೋದಕ್ಕೆ ಬಂತಂತೆ. ಅದಕ್ಕೇನು ಮೂಗಿದ್ಯಾ?”

ಅವಳು ದೊಡ್ಡ ಸಾಹೇಬರಿಗೆ ಫೋನು ಮಾಡಿದಳು. ಎಲ್ಲ ಕೇಂದ್ರಗಳೂ ಅವರ ಕೈಕೆಳಗೆ. “ತಲೆ ಕೆಡಿಸ್ಕೋಬೇಡಿ,” ಎಂದರು ಅವರು. “ತಪ್ಪು ಗ್ರಹಿಕೆ ಅಂತ ಎರಡು ಸಾಲು ಬರೆದು ಹಾಕಿ. ಮೂರು ಸಾವಿರದ ದಿನ ನಾನೇ ಬರ್ತೀನಿ. ಎಲ್ಲರ ಮನೆಯವರನ್ನೂ ಕರೀರಿ. ನಿಮ್ಮನ್ನ ನೋಡಿ ಉಳಿದ ಕೇಂದ್ರದವರು ಕಲೀಲಿ.”

ಆ ಮಾತಿನಿಂದ ಅವಳ ಹೆಗಲು ಮತ್ತೆ ನೆಟ್ಟಗಾಯಿತು. ಆದರೂ ಎರಡು ಸಾಲು ಬರೆಯಲಿಲ್ಲ. ಅದಕ್ಕೂ ಮೊದಲು ಆ ಕಚೇರಿಯ ಒಬ್ಬಳನ್ನು ತರಾಟೆಗೆ ತೆಗೆದುಕೊಳ್ಳಬೇಕಿತ್ತು, ಹೇಗೂ ಅವಳು ಸಂಜೆ ಅಕ್ಕನ ಮನೆಗೇ ಬರುವವಳು.

ಅವಳು ಅಕ್ಕನ ಸ್ವಂತ ತಂಗಿ. ಅಮ್ಮ ತೀರಿಕೊಂಡಾಗ ತಂಗಿಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ಅಕ್ಕನೇ ತಾಯಿ. ಆ ವಯಸ್ಸಿನಲ್ಲೇ ಬೇಳೆ ಆರಿಸಲು ಕೂತರೆ ಒಂದೇ ಒಂದು ಕಲ್ಲೂ ತಂಗಿಯ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅಕ್ಕ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಳು. ಆ ಭೂತಗನ್ನಡಿ ಈಗ ಉಪಗ್ರಹದ ಚಿತ್ರಗಳನ್ನು ನೋಡುತ್ತಾಳೆ ಎಂದು ಕೇಂದ್ರದಲ್ಲಿ ಹೇಳಿಕೊಂಡು ತಿರುಗಿದ್ದೂ ಅಕ್ಕನೇ. ತಂಗಿಯ ಕೆಲಸ ಏನೆಂದು ನಲವತ್ತು ಜನರಿಗೂ ಬಾಯಿಪಾಠವಾಗಿತ್ತು: ಬಿಸಿಲು ನೆಲಕ್ಕೆ ಬಿದ್ದು ಮೇಲಕ್ಕೆ ಮರಳುತ್ತದೆ, ದಾರಿಯಲ್ಲಿ ಮೀಥೇನ್ ಇದ್ದರೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಕೆಲವು ಬಣ್ಣಗಳನ್ನು ಅದು ತಿಂದುಬಿಡುತ್ತದೆ, ಎಷ್ಟು ಕಡಿಮೆಯಾಯಿತು ಎಂದು ಉಪಗ್ರಹ ಎಣಿಸುತ್ತದೆ.

ಸಂಜೆ ತಂಗಿ ಚಪ್ಪಲಿ ಬಿಡುವ ಮೊದಲೇ ಅಕ್ಕ ಪತ್ರವನ್ನು ಮೇಜಿನ ಮೇಲೆ ಬಡಿದಳು.

“ನಿಮ್ಮ ಆಫೀಸಿನವರಿಗೆ ಬೇರೆ ಕೆಲಸ ಇಲ್ವಾ? ನಮ್ಮ ಗೋಡೌನಿಗೆ ಹೊಸ ತಗಡು ಹಾಕ್ಸಿದ್ದೀವಿ. ಅದರ ಹೊಳಪಿಗೆ ನಿಮ್ಮ ಉಪಗ್ರಹದ ಕಣ್ಣು ಕುಕ್ಕಿದೆ. ಯಾವ ಪುಣ್ಯಾತ್ಮ ನೋಡಿದ್ದು ಈ ಚಿತ್ರನ?”

ತಂಗಿ ಕುರ್ಚಿಯ ಅಂಚಿನಲ್ಲಿ ಕುಳಿತಳು. “ನಾನೇ ನೋಡಿದ್ದು ಅಕ್ಕಾ.”

ಅಕ್ಕ ಪತ್ರದ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

“ನಿನ್ನ ಕೇಂದ್ರ ಅಂತ ಗೊತ್ತಾದ ತಕ್ಷಣ ಸುಳ್ಳಾಗಿರಲಿ ಅಂತಾನೇ ನೋಡ್ದೆ. ತಗಡೂ ನೆನಪಾಯ್ತು. ಹೊಳೆಯೋ ತಗಡು ಎಷ್ಟೋ ಸಲ ನಮಗೆ ಮೋಸ ಮಾಡತ್ತೆ, ಅದನ್ನ ಹಿಡಿಯೋದೇ ನನ್ನ ಕೆಲಸ. ಆದ್ರೆ ನಾಲ್ಕು ದಿನದ ಚಿತ್ರದಲ್ಲೂ ಬಾಲ ಬೇರೆ ಬೇರೆ ಕಡೆಗಿದೆ. ಆಯಾ ದಿನ ಗಾಳಿ ಹೋದ ಕಡೆಗೇ. ಗಾಳಿ ಬೀಸಿದ ಕಡೆಗೆ ತಗಡು ತಿರುಗಲ್ಲ, ಅಲ್ವಾ? ಬಾಲ ತಿರುಗಿದ್ರೂ ಬುಡ ಮಾತ್ರ ಅಲ್ಲೇ ಇದೆ. ನಿಮ್ಮ ಹಿಂದಿನ ಮೂಲೇಲಿ. ನಮ್ಮ ಮುಖ್ಯಸ್ಥರಿಗೆ, ಇದು ನನ್ನಕ್ಕನ ಜಾಗ, ಬೇರೆಯವರೂ ನೋಡ್ಲಿ ಅಂತ ನಾನೇ ಕೇಳ್ಕೊಂಡೆ. ಅವರೂ ಅದನ್ನೇ ಹೇಳಿದ್ರು.”

“ಮೊಸರಲ್ಲಿ ಕಲ್ಲು ಹುಡುಕೋದು ಅಂದ್ರೆ ಇದೇ!” ಎಂದಳು ಅಕ್ಕ. “ಎಂಟು ವರ್ಷ, ಭೂತಗನ್ನಡಿ. ಎಂಟು ವರ್ಷ ನಾನು ಆ ಸ್ಟೂಲು ಹತ್ತಿದ್ದೀನಿ. ಇನ್ನಾರು ದಿನ ತಡೆಯೋಕಾಗಲಿಲ್ವಾ ನಿನಗೆ?”

“ತಡೆದಿದ್ರೆ ಆರು ದಿನದ ಗ್ಯಾಸೂ ಮೇಲೆ ಹೋಗ್ತಿತ್ತು. ಒಮ್ಮೆ ಹೋದ ಮೀಥೇನ್ ಹತ್ತು ಹನ್ನೆರಡು ವರ್ಷ ಅಲ್ಲೇ ಇದ್ದು ಭೂಮೀನ ಬಿಸಿ ಮಾಡತ್ತೆ. ಯಂತ್ರದ ಹೊಗೇಲಿ ಬರೋ ಇಂಗಾಲದ ಅನಿಲಕ್ಕಿಂತ ಎಷ್ಟೋ ಪಟ್ಟು ಜೋರಾಗಿ.” ತಂಗಿಯ ಕಣ್ಣು ತುಂಬಿತ್ತು. ನೀರು ಕುಡಿಯಲು ಅಕ್ಕನ ಚೀಲದಿಂದ ಉಕ್ಕಿನ ಬಾಟಲಿ ತೆಗೆದಳು. ಒಂದು ಗುಟುಕು ಕುಡಿದು ಹಲ್ಲು ಜುಮ್ಮೆಂದು ಬಾಟಲಿಯನ್ನೇ ನೋಡಿದಳು.

“ಇದೇನು ಇಷ್ಟು ತಣ್ಣಗಿದೆ? ಫ್ರಿಜ್ ಬಂತಾ?”

“ಎಲ್ಲಿಂದ ಬರತ್ತೆ? ಪೈಪಿನ ಬುಡದಲ್ಲಿ ಇಟ್ಟಿದ್ದೆ,” ಎಂದಳು ಅಕ್ಕ, ಇನ್ನೂ ಕೋಪದಲ್ಲೇ. “ಆ ಎತ್ತರದ ಪೈಪು. ಎಲ್ಲರೂ ಅಲ್ಲೇ ಇಡ್ತೀವಿ.”

“ಆ ಪೈಪು ಯಾಕಕ್ಕಾ ತಣ್ಣಗಿದೆ?”

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಅಕ್ಕನೇ ಪಾಠ ಹೇಳುತ್ತಿದ್ದಳು. ಅಂಗೈ ಹಿಡಿದು ಬಾಯಿ ಅಗಲಿಸಿ ಊದಿ, ಬಿಸಿ. ತುಟಿ ಕಿರಿದು ಮಾಡಿ ಊದಿ, ತಣ್ಣಗೆ. ಕಾರಣ ಬೇರೆ, ಆದರೆ ಒತ್ತಡದ ಗ್ಯಾಸು ಸಣ್ಣ ಸಂದಿಯಿಂದ ನುಗ್ಗಿ ಹಿಗ್ಗಿದರೂ ತಣ್ಣಗಾಗುತ್ತದೆ, ಎಲ್ಲಾದರೂ ಪೈಪು ಕಾರಣವಿಲ್ಲದೆ ತಣ್ಣಗಿದ್ದರೆ ಒಳಗೆ ವಾಲ್ವು ಸರಿಯಾಗಿ ಮುಚ್ಚಿಲ್ಲ ಎಂದು ತಿಳಿಯಿರಿ. ಎಷ್ಟು ಸಲ ಹೇಳಿದ್ದಳೋ. ಹೇಳಿ ಮುಗಿಸಿ, ಬಾಯಾರಿ, ಆ ತಣ್ಣನೆಯ ಪೈಪಿನ ಬುಡದಿಂದಲೇ ಬಾಟಲಿ ಎತ್ತಿ ನೀರು ಕುಡಿದಿದ್ದಳು.

ಅವಳು ತನ್ನ ಅಂಗೈಯನ್ನು ಮುಖದ ಹತ್ತಿರ ತಂದು, ತುಟಿ ಕಿರಿದು ಮಾಡಿ ಮೆಲ್ಲಗೆ ಊದಿಕೊಂಡಳು. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಫ್ರಿಜ್ ಬೇಕು ಅಂತ ಕೇಳ್ತಿದ್ವಿ,” ಎಂದಳು ಕೊನೆಗೆ. “ಗಂಟೆಗೆ ಹದಿನಾಲ್ಕು ಸಿಲಿಂಡರಿನ ಫ್ರಿಜ್ಜು ನಮ್ಮ ಹತ್ರಾನೇ ಇತ್ತು.” ನಗಲು ಹೋದಳು, ಆಗಲಿಲ್ಲ. ತಂಗಿ ಎದ್ದು ಬಂದು ಪಕ್ಕದಲ್ಲಿ ಕುಳಿತಳು.

ಮರುದಿನ ಅಕ್ಕ ಬಂದವಳೇ ಸ್ಟೂಲು ಹತ್ತಲಿಲ್ಲ. ನೇರವಾಗಿ ಹಿಂದಿನ ಮೂಲೆಗೆ ಹೋದಳು. ಮೂಗಣ್ಣ ಆಗಷ್ಟೇ ತನ್ನ ಬಾಟಲಿಯನ್ನು ಪೈಪಿಗೆ ಒರಗಿಸುತ್ತಿದ್ದ.

“ಅಣ್ಣಾ, ಕೆಳಗಿನ ಕೈವಾಲ್ವು ಮುಚ್ಚಿ.”

“ಯಾಕಕ್ಕಾವ್ರೇ?”

“ಮುಚ್ಚಿ, ಹೇಳ್ತೀನಿ.”

ಅವನು ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿದ. ತುಕ್ಕು ಕಿರುಗುಟ್ಟಿತು. ಕೊನೆಯ ಸುತ್ತಿಗೆ ಸದ್ದು ನಿಂತುಬಿಟ್ಟಿತು. ದೂರದಲ್ಲಿ ಯಂತ್ರಗಳು ಗುಂಯ್‌ಗುಡುತ್ತಲೇ ಇದ್ದವು, ಆದರೆ ಆ ಮೂಲೆ ಒಮ್ಮೆಲೇ ಖಾಲಿಯಾದಂತೆ ಆಯಿತು. ಬೇಲಿಯ ಆಚೆ ಯಾವುದೋ ಹಕ್ಕಿ ಕೂಗುವುದು ಕೇಳಿಸಿತು. ನಿಂತ ಮೇಲೆಯೇ ಅದು ಎಷ್ಟು ದೊಡ್ಡ ಸದ್ದಾಗಿತ್ತು ಎಂದು ಇಬ್ಬರಿಗೂ ಗೊತ್ತಾದದ್ದು. ಮೂಗಣ್ಣ ಪೈಪಿನ ಮೇಲೆ ಕೈಯಿಟ್ಟು ನಿಂತ. ಸ್ವಲ್ಪ ಹೊತ್ತಿಗೆ ಪೈಪು ಬೆಚ್ಚಗಾಗತೊಡಗಿತು.

ಮೂಗಣ್ಣ ದಡ್ಡನಲ್ಲ. ಅರ್ಥವಾಯಿತು. ಸುತ್ತ ನೋಡಿ ದನಿ ತಗ್ಗಿಸಿದ. “ಆಯ್ತಲ್ಲ, ಮುಚ್ಚಿದ್ವಿ. ಒಳಗಿನ ವಾಲ್ವು ಬಿಚ್ಚಿ ರಿಪೇರಿ ಮಾಡ್ಸೋಣ. ಯಾರಿಗೂ ಹೇಳೋದು ಬೇಡ. ನಿಯಮದ ಪ್ರಕಾರ ಆ ಪೈಪಿಂದ ಹೋದದ್ದು ಸೋರಿಕೆ ಅಲ್ಲ, ಉಸಿರು.”

“ಉಸಿರು ಅಂತ ಹೆಸರಿಟ್ಟಿದ್ದು ನಿಯಮ ಅಲ್ಲ ಅಣ್ಣಾ, ನಾನು. ಬೇಕು ಅಂತ ಬಿಟ್ರೆ ಉಸಿರು. ತಾನಾಗೇ ಹೋಗ್ತಿದ್ರೆ ಸೋರಿಕೆ.”

“ಹಾಗಾದ್ರೆ ಹದಿನಾಲ್ಕು ತಿಂಗಳು ಕಳೆದುಬಿಡಿ. ಎರಡು ಸಾವಿರದ ಐನೂರು ಚಿಲ್ಲರೆ ಉಳಿಯತ್ತೆ.”

“ಇದೇನು ತರಕಾರಿ ಚೌಕಾಸಿನಾ?”

ಮೂಗಣ್ಣನ ಮುಖ ಸಣ್ಣದಾಯಿತು. “ನನ್ನ ಹೆಂಡತಿ ಹೊಸ ಸೀರೆ ತೆಗೆದಿಟ್ಟಿದ್ದಾಳೆ, ಆ ದಿನಕ್ಕೆ ಅಂತ. ಮೂವತ್ತು ವರ್ಷದ ಕೆಲಸದಲ್ಲಿ ನನ್ನನ್ನ ಯಾರೂ ವೇದಿಕೆ ಮೇಲೆ ಕರೆದಿಲ್ಲ. ನಾನೊಬ್ಬನೇ ಅಲ್ಲ, ನಲವತ್ತು ಜನ ಆ ನಂಬರು ನೋಡ್ಕೊಂಡು ಗೇಟಿನೊಳಗೆ ಬರ್ತಾರೆ. ನೀವು ಸೊನ್ನೆ ಮಾಡಿದ್ರೆ ನಿಮ್ಮದೊಂದೇ ಅಲ್ಲ ಅಕ್ಕಾವ್ರೇ, ನಮ್ಮೆಲ್ಲರದ್ದೂ ಸೊನ್ನೆ ಆಗತ್ತೆ.”

ಅದು ಸುಳ್ಳಾಗಿರಲಿಲ್ಲ. ಒಂದು ಸಂಖ್ಯೆಯ ಹಿಂದೆ ಇಷ್ಟು ಜನರ ಬೆನ್ನು ನೆಟ್ಟಗೆ ನಿಂತಿದೆ ಎಂಬುದೇ ಅಕ್ಕನ ಬದುಕಿನ ಹೆಮ್ಮೆಯಾಗಿತ್ತು. “ಸೀರೆ ಉಡೋಕೆ ಹೇಳಿ,” ಎಂದಳು ಮೆತ್ತಗೆ. “ಆದ್ರೆ ಅವರು ಬಂದು ನೋಡೋ ನಂಬರು ನಿಜದ್ದಾಗಿರಲಿ.”

ಪಾಳಿ ಬದಲಾಗುವ ಹೊತ್ತು. ಬರುವವರೂ ಹೋಗುವವರೂ ಗೇಟಿನ ಬಳಿ ಸೇರಿದ್ದರು. ಅಕ್ಕ ಕಿಟಕಿಯಿಂದ ಸೊನ್ನೆಗಳನ್ನು ತಂದಳು. ಸ್ಟೂಲು ಹತ್ತಿ 2994ರ ನಾಲ್ಕೂ ಅಂಕಿಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗೆ ಕೊಟ್ಟಳು. ಹೊಸ ಬಣ್ಣದ ಮೂರು ಸೊನ್ನೆಗಳಲ್ಲಿ ಒಂದನ್ನೇ ಕೊನೆಯ ಕೊಕ್ಕೆಗೆ ಹಾಕಿ, ಓರೆಯಾಗಿದ್ದುದನ್ನು ನೇರ ಮಾಡಿದಳು.

“ಹಿಂದಿನ ಪೈಪು ಹದಿನಾಲ್ಕು ತಿಂಗಳಿಂದ ಸೋರ್ತಿತ್ತು,” ಎಂದಳು, ಸ್ಟೂಲಿನ ಮೇಲಿಂದಲೇ. “ಅದಕ್ಕೆ ನಾನು ಚೆಂದದ ಹೆಸರಿಟ್ಟೆ, ನೀವೂ ನಂಬಿದ್ರಿ. ತಪ್ಪು ನನ್ನದು. ಮೇಲಿಂದ ನೋಡಿದವಳು ನನ್ನ ತಂಗಿ. ನನ್ನ ಮುಲಾಜು ನೋಡದೆ ಹೇಳಿದ್ದಾಳೆ. ನಿನ್ನೆ ಸಂಜೆ ಅವಳ ಮೇಲೆ ಕೂಗಾಡಿದೆ. ಇವತ್ತು ಅವಳನ್ನ ಬೆಳೆಸಿದ್ದು ನಾನೇ ಅಂತ ಹೇಳ್ಕೊಳ್ಳೋಕೆ ಹೆಮ್ಮೆ ಆಗ್ತಿದೆ.”

ಕೆಲಸಗಾರರು ಒಬ್ಬೊಬ್ಬರಾಗಿ ಹಿಂದಿನ ಮೂಲೆಗೆ ಹೋಗಿ ತಮ್ಮ ತಮ್ಮ ಬಾಟಲಿ ಎತ್ತಿಕೊಂಡು ಬಂದರು.

ಒಳಗಿನ ವಾಲ್ವನ್ನು ಬಿಚ್ಚಿದಾಗ ಅದರ ಬಾಯಲ್ಲಿ ಬೆಸುಗೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಬೇಳೆಯ ಕಲ್ಲಿಗಿಂತ ದೊಡ್ಡದಿರಲಿಲ್ಲ. ಅಕ್ಕ ಅದನ್ನು ಕಾಗದದಲ್ಲಿ ಮಡಿಸಿ ಮನೆಗೆ ಒಯ್ದು ತಂಗಿಯ ಅಂಗೈಯಲ್ಲಿ ಇಟ್ಟಳು. “ತಗೋ, ನಿನ್ನ ಕಲ್ಲು. ಮೊಸರಲ್ಲಿ ಇತ್ತು.”

ದೊಡ್ಡ ಸಾಹೇಬರಿಗೆ ಸುದ್ದಿ ಮುಟ್ಟಿದಾಗ ಫೋನಿನಲ್ಲಿ ಚೆನ್ನಾಗಿಯೇ ಮಂಗಳಾರತಿಯಾಯಿತು. “ಎರಡು ಸಾಲು ಬರೀರಿ ಅಂದ್ರೆ ಎರಡು ಪುಟ ಬರೆದು ಒಪ್ಪಿಕೊಂಡಿದ್ದೀರಲ್ಲ!” ಆದರೆ ಕರೆಯೋಲೆಗಳು ಆಗಲೇ ಮನೆಮನೆಗೆ ಹೋಗಿದ್ದವು. ಮೂರು ಸಾವಿರವಾಗಬೇಕಿದ್ದ ದಿನ ಎಲ್ಲರ ಮನೆಯವರೂ ಬಂದರು, ಸಾಹೇಬರೂ ಬಂದರು. ಗೇಟಿನಲ್ಲಿ ಕಾರು ನಿಲ್ಲಿಸಿ ಇಳಿದು ಬೋರ್ಡನ್ನು ನೋಡಿದರು.

“ಏನಿದು, ಐದು?”

ಉತ್ತರ ಕೊಟ್ಟವನು ಮೂಗಣ್ಣ. ಪಕ್ಕದಲ್ಲಿ ಹೊಸ ಸೀರೆಯುಟ್ಟ ಹೆಂಡತಿ. ಅವನ ಮೂಗಿನ ಕೆಳಗೆ ಎಡಗಡೆ ಮಾತ್ರ ಮೀಸೆಯಿತ್ತು. ಎಂಟು ವರ್ಷದ ಹಳೆಯ ಮಾತನ್ನು ಆ ಬೆಳಿಗ್ಗೆ ತೀರಿಸಿ ಬಂದಿದ್ದ. “ಐದು ದಿನ ಸಾರ್. ಮೇಲಿಂದ ಯಾರು ಬೇಕಾದ್ರೂ ನೋಡಿ ಎಣಿಸ್ಕೊಳ್ಳಬಹುದಾದ ಐದು.”

ಸಾಹೇಬರು ನಗಬಾರದೆಂದುಕೊಂಡೇ ನಕ್ಕುಬಿಟ್ಟರು. ಅಷ್ಟರಲ್ಲಿ ತಂಗಿ ಮುಂದೆ ಬಂದು, ಹಿಂದಿನ ದಿನ ಮಧ್ಯಾಹ್ನ ಉಪಗ್ರಹ ಹಾದುಹೋದಾಗಿನ ಚಿತ್ರವನ್ನು ತೋರಿಸಿದಳು. ಬೂದು ಬಣ್ಣದ ನೆಲ, ಗೋಡೌನಿನ ತಗಡು, ಹಿಂದಿನ ಮೂಲೆ. ಹಳದಿ ಬಾಲ ಇರಲಿಲ್ಲ. ನಲವತ್ತು ಕುಟುಂಬಗಳು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ, ಏನೂ ಇಲ್ಲದ ಆ ಚಿತ್ರವನ್ನು ನೋಡಿ ಚಪ್ಪಾಳೆ ತಟ್ಟಿದರು.

ಸಾಹೇಬರು ಹಿಂದಿನ ಮೂಲೆಗೆ ನಡೆದು ಪೈಪಿನ ಬುಡದಲ್ಲಿ ನಿಂತರು. ಬಾಟಲಿಗಳ ಕಥೆ ಕೇಳಿ, ಪೈಪಿನ ಮೇಲೆ ಕೈಯಿಟ್ಟು ನೋಡಿದರು.

“ನಮ್ಮದು ಹನ್ನೊಂದು ಕೇಂದ್ರ,” ಎಂದರು. “ಎರಡು ಮೂರು ಕಡೆ ನನಗೆ ಒಳ್ಳೆ ತಣ್ಣೀರು ಕೊಟ್ಟಿದ್ದಾರೆ. ಅಲ್ಲೂ ಫ್ರಿಜ್ ಇಲ್ಲ.” ಜೇಬಿನಿಂದ ಫೋನು ತೆಗೆದು ಒಂದು ನಂಬರು ಒತ್ತಿದರು. “ಹಲೋ, ನಾನು. ಅದೆಲ್ಲ ಆಮೇಲೆ. ಮೊದಲು ಇದು ಹೇಳಿ, ನಿಮ್ಮಲ್ಲಿ ನೀರಿನ ಬಾಟಲಿ ಎಲ್ಲಿ ಇಡ್ತೀರಿ?”

ಅಕ್ಕ, ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಸಿಲು ಚುರುಗುಟ್ಟುತ್ತಿತ್ತು. ತಂಗಿ ಕೈಚಾಚಿದಳು, ಅಕ್ಕ ತನ್ನ ಉಕ್ಕಿನ ಬಾಟಲಿ ಕೊಟ್ಟಳು. ತಂಗಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಬಿಸಿ ನೀರು ಅಕ್ಕಾ.”

“ಹೌದು,” ಎಂದಳು ಅಕ್ಕ, ಎದೆಯುಬ್ಬಿಸಿ. “ನಮ್ಮ ಕೇಂದ್ರದಲ್ಲಿ ಈಗ ಎಲ್ಲರೂ ಬಿಸಿ ನೀರೇ ಕುಡಿಯೋದು.”

ತಂಗಿ ಬಾಟಲಿ ಎತ್ತಿ, ಕೊನೆಯ ಹನಿಯವರೆಗೂ ಕುಡಿದಳು.